ಏರ್ ರೈಫಲ್‌ನಲ್ಲಿ ಥ್ರೆಡ್ ಹೋದ್ರೆ ಏನು ಮಾಡೋದು?

ವೀಕೆಂಡ್‌ನಲ್ಲಿ ವರ್ಲಿ ರೇಂಜ್‌ಗೆ ಹೋಗಿ 10 ಮೀಟರ್ ಏರ್ ರೈಫಲ್ ಕಲೀತಿರೋ ನಮ್ಮವರಿಗಾಗಿ ಇವತ್ತಿನ ಮಾತು.

ಈ ರೈಫಲ್‌ಗಳಲ್ಲಿ ಸ್ಟಾಕ್ ಹೆಚ್ಚಾಗಿ ಅಲ್ಯುಮಿನಿಯಂ, ಸ್ಕ್ರೂ ಸ್ಟೀಲ್. ಅಲೆನ್ ಕೀ ಹಿಡಿದು ‘ಇನ್ನೊಂಚೂರು ಟೈಟ್’ ಅಂತ ತಿರುಗಿಸಿದ್ರೆ ಸೋಲೋದು ಅಲ್ಯುಮಿನಿಯಂ. ಕೆನ್ನೆ ಆನಿಸೋ ಚೀಕ್‌ಪೀಸ್‌ನ ಎಂ6 ಸ್ಕ್ರೂನಲ್ಲಿ ನಾನೂ ಇದೇ ತಪ್ಪು ಮಾಡಿದೆ. ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಕೆನ್ನೆ ಅಲುಗಾಡಿದ್ರೆ ಮುಗೀತು.

ಅಂಟು ಹಾಕ್ಬೇಡಿ. ಇದಕ್ಕೆ ಹೆಲಿಕಾಯಿಲ್ ಇದೆ: ಸ್ಪ್ರಿಂಗ್ ಥರದ ಸ್ಟೀಲ್ ಸುರುಳಿ. ನಾಗದೇವಿ ಸ್ಟ್ರೀಟ್‌ನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ. ಅಲ್ಲಿ ಥ್ರೆಡ್‌ಗೆ ‘ಚೂಡಿ’ ಅಂತಾರೆ, ಅಂದ್ರೆ ಬಳೆ!

ಮೊದಲು ರೈಫಲ್ ಖಾಲಿ ಇದೆಯಾ ನೋಡಿ, ಗಾಳಿ ಸಿಲಿಂಡರ್ ಬಿಚ್ಚಿಡಿ. ಸ್ಟಾಕ್‌ನ ಆ ಭಾಗವನ್ನೂ ಕಳಚಿಕೊಳ್ಳಿ. ಎಂ6ಗೆ 6.3 ಮಿ.ಮೀ. ಡ್ರಿಲ್, ಆಳ ತಪ್ಪದಂತೆ ಬಿಟ್‌ಗೆ ಟೇಪ್ ಸುತ್ತಿ. ಆಮೇಲೆ ಕಿಟ್‌ನಲ್ಲೇ ಬರೋ ಟ್ಯಾಪ್. ಮಾಮೂಲಿ ಎಂ6 ಟ್ಯಾಪ್ ಇಲ್ಲಿ ನಡೆಯಲ್ಲ. ಎಣ್ಣೆ ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅವಸರ ಮಾಡಿದ್ರೆ ಟ್ಯಾಪ್ ಒಳಗೇ ಮುರಿಯುತ್ತೆ, ಅದನ್ನು ತೆಗೆಯೋದು ದೊಡ್ಡ ತಲೆನೋವು. ಸುರುಳಿಯನ್ನು ಮೇಲ್ಮೈಗಿಂತ ಅರ್ಧ ಸುತ್ತು ಕೆಳಗಿಳಿಸಿ, ತುದಿಯ ಅಡ್ಡ ತುಂಡನ್ನು ಮುರಿದು ಹೊರಗೆ ತೆಗೀರಿ. ಹೊಸ ಥ್ರೆಡ್ ಹಳೇದಕ್ಕಿಂತ ಗಟ್ಟಿ.

ಆದ್ರೆ ಸಿಲಿಂಡರ್ ಕೂರೋ ಜಾಗದ ಥ್ರೆಡ್ ಸವೆದಿದ್ರೆ ಇದ್ಯಾವುದೂ ಬೇಡ. ಕಾರಿನ ಟಯರ್‌ನಲ್ಲಿ ಸುಮಾರು 2.2 ಬಾರ್ ಒತ್ತಡ. ಇಲ್ಲಿ 200 ಬಾರ್. ಗಾಳಿ ತುಂಬಿಸದೆ ಕಂಪನಿ ಸರ್ವಿಸ್‌ಗೇ ಕೊಡಿ.