ಮೂಳೆ ವೈದ್ಯರಿಗೊಂದು ಅಗ್ನಿಪರೀಕ್ಷೆ

ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ, ಹುಡುಗನೊಬ್ಬ ಸೀಬೆಯ ಮರದಿಂದ ಬಿದ್ದು ಮೊಣಕೈ ಊದಿಸಿಕೊಂಡು ಬಂದರೆ, ನಾವು ಹುಡುಕಿಕೊಂಡು ಹೋಗುವುದು ಮೂಳೆ ಮತ್ತು ಕೀಲುಗಳ ತಜ್ಞರನ್ನು. ಬಾಗಿಲ ಫಲಕದ ಮೇಲೆ ‘ಎಂ.ಎಸ್. ಆರ್ಥೋ’ ಎಂಬ ಅಕ್ಷರಗಳನ್ನು ಕಂಡು ಧೈರ್ಯ ತಂದುಕೊಳ್ಳುತ್ತೇವೆ. ಆ ಅಕ್ಷರಗಳ ಹಿಂದೆ ಎಂತಹ ಪರೀಕ್ಷೆ ಇದೆ, ಅದಕ್ಕೆ ಸಿದ್ಧತೆ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದವರು ವಿರಳ. ಕನ್ನಡ ಪಾಠ ಹೇಳುವ ನನಗೆ ಇದರ ಪರಿಚಯವಾದದ್ದೂ ಆಕಸ್ಮಿಕವೇ. ನಮ್ಮ ಊರಿನ ವೈದ್ಯಕೀಯ ಕಾಲೇಜಿಗೆ ಹೊರ ರಾಜ್ಯಗಳಿಂದ ಬಂದ ಕೆಲವು ತರುಣ ವೈದ್ಯರಿಗೆ ಸಂಜೆಯ ಹೊತ್ತು ಕನ್ನಡ ಮಾತು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಅವರಲ್ಲಿ ಮೂವರು ಮೂಳೆ ವಿಭಾಗದವರು. ಕನ್ನಡ ಕಲಿಯಲು ಅವರಿಗಿದ್ದ ಅವಸರವನ್ನು ಕಂಡು ನಾನು ಮೊದಲು ಬೆರಗಾದೆ. ಕಾರಣ ತಿಳಿದ ಮೇಲೆ ಆ ಬೆರಗು ಗೌರವವಾಯಿತು.

ಎಂ.ಬಿ.ಬಿ.ಎಸ್. ಮುಗಿಯಲು ಐದೂವರೆ ವರ್ಷ. ಬಳಿಕ ‘ನೀಟ್ ಪಿ.ಜಿ.’ ಎಂಬ ಪ್ರವೇಶ ಪರೀಕ್ಷೆ. ಅದರಲ್ಲಿ ಸ್ಥಾನ ದೊರೆತರೆ ಮೂರು ವರ್ಷದ ವ್ಯಾಸಂಗ. ವ್ಯಾಸಂಗವೆಂದರೆ ಪುಸ್ತಕದ ಮುಂದೆ ಕುಳಿತಿರುವುದೆಂದು ಯಾರೂ ಭಾವಿಸಬೇಕಾಗಿಲ್ಲ. ರಾತ್ರಿಯೆಲ್ಲ ರಸ್ತೆ ಅಪಘಾತದ ಗಾಯಾಳುಗಳು, ಬೆಳಗಾದರೆ ವಾರ್ಡು, ಹೊರರೋಗಿಗಳ ಸಾಲು, ಪ್ಲಾಸ್ಟರ್ ಕೊಠಡಿ, ಶಸ್ತ್ರಚಿಕಿತ್ಸೆ. ಇವುಗಳ ನಡುವೆ ಒಂದು ಪ್ರಬಂಧವನ್ನೂ ಬರೆದು ಒಪ್ಪಿಸಬೇಕು. ಕೊನೆಗೆ ತಲಾ ಮೂರು ಗಂಟೆಯ ನಾಲ್ಕು ಪ್ರಶ್ನಪತ್ರಿಕೆಗಳು. ಇವುಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ, ಓದಿದವನು ಬರೆಯುತ್ತಾನೆ. ಆದರೆ ಬರವಣಿಗೆಯಲ್ಲಿ ಎಷ್ಟೇ ಅಂಕ ಬಂದರೂ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆಯುವ ಪರೀಕ್ಷೆಯಲ್ಲಿ ಬೇರೆಯಾಗಿ ತೇರ್ಗಡೆಯಾಗಲೇಬೇಕು. ನಿಜವಾದ ಭಯವಿರುವುದು ಅಲ್ಲಿ.

ಪುಸ್ತಕಗಳಿಗೇನೂ ಕೊರತೆಯಿಲ್ಲ. ಅಮೆರಿಕದ ಕ್ಯಾಂಪ್‌ಬೆಲ್ ಅವರು 1939ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಗ್ರಂಥ ಈಗ ನಾಲ್ಕು ಮಹಾಸಂಪುಟಗಳಾಗಿ ಬೆಳೆದಿದೆ. ಅದನ್ನು ಎತ್ತಿದರೇ ತೋಳಿನ ಕೀಲಿಗೆ ವ್ಯಾಯಾಮ! ನನಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಆ್ಯಪ್ಲೆ ಎಂಬುವರ ಪುಸ್ತಕದ ಕಥೆ. ಪಿರ್‌ಫರ್ಡ್ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ ಅವರು ಪರೀಕ್ಷಾರ್ಥಿಗಳಿಗೆಂದೇ ಪಾಠ ಹೇಳುತ್ತಿದ್ದರು. ಆ ಪಾಠದ ಟಿಪ್ಪಣಿಗಳೇ ಬೆಳೆದು 1959ರಲ್ಲಿ ಗ್ರಂಥವಾಯಿತು. ಅವರು ಹಾಕಿಕೊಟ್ಟ ಕ್ರಮ ಮೂರೇ ಮಾತಿನದು: ನೋಡು, ಮುಟ್ಟು, ಆಡಿಸು. ಕೈ ಹಾಕುವ ಮೊದಲು ಕಣ್ಣು ಹಾಯಿಸಬೇಕು. ಆಡಿಸುವ ಮೊದಲು ನೋವು ಎಲ್ಲಿದೆಯೆಂದು ಮುಟ್ಟಿ ತಿಳಿಯಬೇಕು. ಕೇಳಲು ಇದು ಸುಲಭ. ಪರೀಕ್ಷಕರ ಎದುರಿನಲ್ಲಿ ಎದೆ ಬಡಿದುಕೊಳ್ಳುತ್ತಿರುವಾಗ ಈ ಮೂರರಲ್ಲಿ ಒಂದು ಹಿಂದುಮುಂದಾಗದೆ ಇರಬೇಕಾದರೆ ಅಭ್ಯಾಸ ಮೈಗೂಡಿರಬೇಕು.

ಹಾಸಿಗೆಯ ಪಕ್ಕದ ಪರೀಕ್ಷೆಯಲ್ಲಿ ‘ದೊಡ್ಡ ಕೇಸು’ ಎಂಬುದೊಂದಿದೆ. ಪರೀಕ್ಷಾರ್ಥಿಗೆ ಒಬ್ಬ ರೋಗಿಯನ್ನು ಒಪ್ಪಿಸಿ, ಹೆಚ್ಚುಕಡಿಮೆ ಮುಕ್ಕಾಲು ಗಂಟೆಯ ಕಾಲಾವಕಾಶ ಕೊಡುತ್ತಾರೆ. ಆ ಅವಧಿಯಲ್ಲಿ ರೋಗಿಯ ಕಥೆ ಕೇಳಿ, ಮೈ ಪರೀಕ್ಷಿಸಿ, ನಿರ್ಣಯಕ್ಕೆ ಬರಬೇಕು. ಕಥೆ ಕೇಳುವುದೆಂದರೆ ಯಾವ ಭಾಷೆಯಲ್ಲಿ? ನನ್ನ ಶಿಷ್ಯರ ಅವಸರದ ಗುಟ್ಟು ಇದೇ.

ನಮ್ಮ ಮಾತಿನಲ್ಲಿ ‘ಕಾಲು’ ಎಂದರೆ ತೊಡೆಯಿಂದ ಬೆರಳಿನ ತನಕ ಎಲ್ಲವೂ ಕಾಲೇ. ‘ಸೊಂಟ ನೋವು’ ಎಂದವನಿಗೆ ಬೆನ್ನುಹುರಿಯ ಬುಡದಲ್ಲಿ ನೋವಿರಬಹುದು, ತೊಡೆ ಸೇರುವ ಕೀಲಿನಲ್ಲಿಯೂ ಇರಬಹುದು. ಜೋಮು ಬೇರೆ, ಸೆಳೆತ ಬೇರೆ, ಚಳುಕು ಬೇರೆ. ಜೋಮು ಎಂದರೆ ವೈದ್ಯರ ಗಮನ ನರದ ಕಡೆಗೆ ತಿರುಗಬೇಕು. ಇನ್ನೂ ಒಂದು ಮೋಸವಿದೆ. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲುಗಳು ಹೋಗುವುದರಿಂದ, ರೋಗ ಸೊಂಟದ ಕೀಲಿನಲ್ಲಿದ್ದರೂ ರೋಗಿ ಮಂಡಿಯನ್ನು ಹಿಡಿದು ತೋರಿಸುವುದುಂಟು. ಮಂಡಿಯನ್ನಷ್ಟೇ ತಡವಿ ಎದ್ದ ಪರೀಕ್ಷಾರ್ಥಿಯ ಗತಿ ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂರಲು ಆಗುತ್ತದೆಯೇ, ಕುಕ್ಕರುಗಾಲಿನಲ್ಲಿ ಕೂತು ಏಳಬಲ್ಲಿರಾ ಎಂಬ ಪ್ರಶ್ನೆಗಳನ್ನು ನಮ್ಮ ನಾಡಿನಲ್ಲಿ ಬಿಡುವಂತೆಯೇ ಇಲ್ಲ. ನೆಲವೇ ಆಸನವಾದವನಿಗೆ ಕೀಲು ಎಷ್ಟು ಮಡಿಚಬೇಕೆಂಬ ಲೆಕ್ಕ ಬೇರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಕಳೆದದ್ದು ‘ಕಟ್ಟು’ ಎಂಬ ಒಂದು ಶಬ್ದದ ಮೇಲೆ. ನಮ್ಮಲ್ಲಿ ಮೂಳೆ ಮುರಿದವರು ಆಸ್ಪತ್ರೆಗೆ ಬರುವ ಮೊದಲು ನಾಟಿ ವೈದ್ಯರಲ್ಲಿ ಕಟ್ಟು ಹಾಕಿಸುವುದು, ಎಣ್ಣೆ ತಿಕ್ಕಿಸುವುದು ಇಂದಿಗೂ ನಿಂತಿಲ್ಲ. ಮೊಣಕೈಗೆ ಪೆಟ್ಟಾದ ಮೇಲೆ ಬಲವಾಗಿ ತಿಕ್ಕಿದರೆ ಮಾಂಸಖಂಡದೊಳಗೇ ಮೂಳೆ ಬೆಳೆದು ಕೀಲು ಬಿಗಿದುಹೋಗಬಹುದು. ಮೊಣಕೈ ಮೇಲ್ಭಾಗದ ಮೂಳೆ ಮುರಿದ ಮಗುವಿಗೆ ಕಟ್ಟು ಅತಿ ಬಿಗಿಯಾದರೆ ರಕ್ತದ ಓಡಾಟ ನಿಂತು ಮುಂಗೈಯ ಸ್ನಾಯುಗಳು ಸಾಯುತ್ತವೆ. ಬೆರಳುಗಳು ಹಕ್ಕಿಯ ಉಗುರಿನಂತೆ ಮುದುಡುತ್ತವೆ. ಜರ್ಮನಿಯ ಫೋಕ್‌ಮನ್ 1881ರಲ್ಲಿ ವಿವರಿಸಿದ ಈ ದುರಂತ ಇಂದಿಗೂ ನಮ್ಮ ಪರೀಕ್ಷೆಗಳಲ್ಲಿ ‘ಸಣ್ಣ ಕೇಸಾಗಿ’ ಬಂದು ಕುಳಿತಿರುತ್ತದೆ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಅನಾಹುತವಾದೀತು. ಆದ್ದರಿಂದ ನಾಟಿ ವೈದ್ಯರನ್ನು ಹಳಿದು ಸುಮ್ಮನಾಗುವಂತಿಲ್ಲ. ‘ಕಟ್ಟು ಹಾಕಿಸಿದ್ದಿರಾ? ಯಾವಾಗ? ಬಿಚ್ಚಿಸಿದ್ದು ಎಷ್ಟು ದಿನಕ್ಕೆ?’ ಎಂದು ಗದರಿಕೆಯಿಲ್ಲದೆ ಕೇಳಬೇಕು. ಗದರಿದರೆ ರೋಗಿ ಬಾಯಿ ಬಿಡುವುದಿಲ್ಲ.

ನಾಟಿ ವೈದ್ಯರ ಮಾತು ಬಂದಾಗ ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ಅವರನ್ನು ನೆನೆಯಬೇಕು. 1834ರಲ್ಲಿ ಹುಟ್ಟಿದ ಅವರು ಪರಂಪರೆಯಿಂದ ಮೂಳೆ ಕಟ್ಟುವವರ ಮನೆತನದವರು. ಅವರ ಹೆಸರಿನ ಪರೀಕ್ಷಾವಿಧಾನವನ್ನು ತಿಳಿಯದೆ ಈ ಪದವಿ ಯಾರಿಗೂ ದಕ್ಕದು. ಸೊಂಟದ ಕೀಲು ಮಡಿಚಿದಂತೆಯೇ ಬಿಗಿದುಕೊಂಡವನನ್ನು ಅಂಗಾತ ಮಲಗಿಸಿದರೆ ಎರಡು ಕಾಲುಗಳೂ ನೆಟ್ಟಗಿರುವಂತೆ ಕಾಣಬಹುದು. ಬೆನ್ನು ಬಿಲ್ಲಿನಂತೆ ಕಮಾನಾಗಿ ದೋಷವನ್ನು ಮುಚ್ಚಿಟ್ಟಿರುತ್ತದೆ. ವೈದ್ಯರು ಬೆನ್ನಿನ ಕೆಳಗೆ ಒಂದು ಕೈಯಿಟ್ಟು, ಚೆನ್ನಾಗಿರುವ ಕಾಲನ್ನು ಹೊಟ್ಟೆಯ ಕಡೆಗೆ ಮಡಿಚುತ್ತಾರೆ. ಬೆನ್ನು ಮಂಚಕ್ಕೆ ತಾಗಿತೋ ಇಲ್ಲವೋ, ರೋಗದ ಕಾಲು ತಾನಾಗಿ ಮೇಲೇಳುತ್ತದೆ. ಅದು ಎದ್ದ ಕೋನವೇ ದೋಷದ ಅಳತೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಎರಡು ಕೈಗಳು ಸಾಕು.

ಇದನ್ನು ನನ್ನ ಶಿಷ್ಯರು ವಸತಿಗೃಹದಲ್ಲಿ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುತ್ತಾರೆ. ಒಬ್ಬ ರೋಗಿ, ಒಬ್ಬ ಪರೀಕ್ಷಾರ್ಥಿ, ಮೂರನೆಯವನು ಮುಖ ಗಂಟಿಕ್ಕಿದ ಪರೀಕ್ಷಕ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಮನುಷ್ಯರ ಮೂಳೆಗಳು. ಕಸ ಗುಡಿಸುವಾಕೆ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿದ್ದಾಳೆ. ಮೌಖಿಕ ಪರೀಕ್ಷೆಯಲ್ಲಿ ಒಂದು ಮೂಳೆಯನ್ನು ಕೈಗಿತ್ತು, ಎಡದ್ದೋ ಬಲದ್ದೋ ಎಂದು ಕೇಳುತ್ತಾರೆ. ಎಕ್ಸ್‌ರೇ ಚಿತ್ರ, ಉಪಕರಣ, ಮೂಳೆಗೆ ಹಾಕುವ ಸಲಾಕೆ, ತಿರುಪು, ಕೃತಕ ಕಾಲು ಎಲ್ಲವೂ ಮೇಜಿನ ಮೇಲಿರುತ್ತವೆ. ಎಕ್ಸ್‌ರೇಗೆ ಅವರಲ್ಲೊಂದು ನಿಯಮವಿದೆ: ಎರಡು ದಿಕ್ಕಿನ ಚಿತ್ರ, ಮೇಲಿನ ಕೆಳಗಿನ ಎರಡು ಕೀಲುಗಳು ಕಾಣಬೇಕು. ಕಂಡದ್ದನ್ನು ಮೊದಲು ಬಣ್ಣಿಸಬೇಕು, ರೋಗದ ಹೆಸರು ಆಮೇಲೆ. ಸಾಹಿತ್ಯದ ಪರೀಕ್ಷೆಯಲ್ಲಿಯೂ ಈ ಕಟ್ಟಳೆ ಇದ್ದಿದ್ದರೆ ನಮ್ಮ ಎಷ್ಟೋ ವಿಮರ್ಶೆಗಳು ಚಿಕ್ಕವಾಗುತ್ತಿದ್ದವು.

ಈ ಪರೀಕ್ಷೆ ಇಷ್ಟು ಕಠಿಣವಾಗಿರಬೇಕೆ? ಇರಬೇಕೆಂದೇ ನನ್ನ ಅಭಿಪ್ರಾಯ. ಇದರಲ್ಲಿ ಗೆದ್ದವನು ಗುರುವಿನ ಕಾವಲಿಲ್ಲದೆ ಮತ್ತೊಬ್ಬರ ತಾಯಿಯ ತೊಡೆಯನ್ನು ಕೊಯ್ಯುತ್ತಾನೆ. ಸೋತವನ ಕಷ್ಟವೂ ಸಣ್ಣದಲ್ಲ: ಮೂವತ್ತರ ಹತ್ತಿರದ ವಯಸ್ಸು, ಕಾದಿರುವ ಸಂಸಾರ, ಮುಂದಿನ ಪರೀಕ್ಷೆಯವರೆಗಿನ ದಿನಗಳು. ಪರೀಕ್ಷಕರು ಇವೆರಡನ್ನೂ ತೂಗಿ ನೋಡುವಾಗ ಮುಖ್ಯವಾಗಿ ಗಮನಿಸುವ ಒಂದು ಅಂಶವನ್ನು ಹಿರಿಯ ಪ್ರಾಧ್ಯಾಪಕರೊಬ್ಬರು ನನಗೆ ತಿಳಿಸಿದರು. ನೋವಿನ ಜಾಗವನ್ನು ಒತ್ತುವಾಗ ಪರೀಕ್ಷಾರ್ಥಿಯ ಕಣ್ಣು ತನ್ನ ಬೆರಳಿನ ಮೇಲಿದೆಯೋ ರೋಗಿಯ ಮುಖದ ಮೇಲಿದೆಯೋ? ಬಾಯಿ ‘ಇಲ್ಲ’ ಎಂದರೂ ಹುಬ್ಬು ‘ಹೌದು’ ಎನ್ನುತ್ತದೆ. ರೋಗಿಯನ್ನು ನೋಯಿಸಿದವನಿಗೆ ಕ್ಷಮೆ ದೊರೆಯುವುದು ಅಪರೂಪ.

ಆ ದಿನ ಮಂಚದ ಮೇಲೆ ಮಲಗುವ ರೋಗಿಗಳ ಸಹನೆಯೂ ದೊಡ್ಡದು. ಬೆಳಗಿನಿಂದ ಒಬ್ಬರಾದ ಮೇಲೊಬ್ಬರು ಬಂದು ಅದೇ ಕಾಲನ್ನು ಅಳೆದು, ಮಡಿಚಿ, ಎಬ್ಬಿಸಿ ನಿಲ್ಲಿಸುತ್ತಾರೆ. ಹೋದ ವರ್ಷ ನನ್ನ ಮಲಯಾಳಿ ಶಿಷ್ಯನಿಗೆ ಬಂದವಳು ಸೊಂಟದ ಕೀಲು ಸವೆದ ಒಬ್ಬ ಮುದುಕಿ. ಎಲ್ಲ ಮುಗಿದು ಅವನು ಹೊದಿಕೆಯನ್ನು ಸರಿಪಡಿಸುತ್ತಿರುವಾಗ, “ಪಾಸಾಯ್ತೇನಪ್ಪ?” ಎಂದು ಕೇಳಿದಳಂತೆ. “ಇನ್ನೂ ತಿಳಿಯದು, ಅಜ್ಜಿ. ನಿಧಾನವಾಗಿ ಏಳಿ” ಎಂದು ಕನ್ನಡದಲ್ಲಿಯೇ ಹೇಳಿ, ಅವಳ ಊರುಗೋಲನ್ನು ಎತ್ತಿಕೊಟ್ಟನಂತೆ.