ದೊಡ್ಡಜ್ಜಿಯ ಕಾಲು ಹೆಂಗೆ ಮುರೀತು?

"ದೊಡ್ಡಜ್ಜಿ ಅಷ್ಟು ದಪ್ಪ ಅದಾರೆ, ಅವರ ಮೂಳೆ ಹೆಂಗೆ ಮುರೀತು ಅಜ್ಜ?"

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಐದನೇ ಕ್ಲಾಸಿನ ನನ್ನ ಮೊಮ್ಮಗ ಕೇಳಿದ. ಹರಿಹರದಲ್ಲಿರುವ ನನ್ನ ಅಕ್ಕ ಬಚ್ಚಲಮನೆ ಮೆಟ್ಟಿಲಲ್ಲಿ ಕಾಲು ಹೊರಳಿ ಬಿದ್ದು, ಪಾದದ ಕೀಲಿನ ಮೂಳೆ ಮುರಿದುಕೊಂಡಿದ್ದಳು. ಅಕ್ಕನ ತೂಕ 88 ಕೆ.ಜಿ. ತೂಕದ ಆಳಿನ ಮೂಳೆ ಗಟ್ಟಿ ಎಂದೇ ನಮ್ಮ ಮನೆಯಲ್ಲೆಲ್ಲ ನಂಬಿದ್ದೆವು.

ಅದು ಪೂರ್ತಿ ಸುಳ್ಳೇನಲ್ಲ. ಮೂಳೆಗೆ ಜೀವವಿದೆ, ಹೊರೆ ಬಿದ್ದಂತೆ ಅದು ಗಟ್ಟಿಯಾಗುತ್ತದೆ. ಟೆನಿಸ್ ಆಟಗಾರರಿಗೆ ಬ್ಯಾಟು ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದ. ದಪ್ಪ ಇರುವವರಿಗೆ ಸೊಂಟದ ಮೂಳೆ ಮುರಿಯುವುದೂ ಕಡಿಮೆ. ಬಿದ್ದಾಗ ಕೊಬ್ಬು ದಿಂಬಿನಂತೆ ಕಾಯುತ್ತದೆ. ಆದರೆ ಪಾದದ ಕೀಲು, ತೋಳಿನ ಮೇಲ್ಭಾಗ ಮುರಿಯುವುದು ದಪ್ಪ ಇರುವ ಹಿರಿಯ ಹೆಂಗಸರಲ್ಲೇ ಹೆಚ್ಚು.

ಅಕ್ಕನನ್ನು ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ನನಗೆ ವಿಚಿತ್ರ ಅನಿಸಿತ್ತು. "ಬೀಳೋ ಮುಂಚೆ ಕುರ್ಚಿಯಿಂದ ಕೈ ಊರದೆ ಏಳ್ತಿದ್ರೇನಮ್ಮ?" ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

ಗುಟ್ಟು ಅಲ್ಲೇ ಇತ್ತು. ನಮ್ಮ ದಾವಣಗೆರೆಯ ಗರಡಿ ಮನೆಯಲ್ಲಿ 88 ಕೆ.ಜಿ.ಯ ಪೈಲ್ವಾನನೊಬ್ಬ ಇದ್ದಾನೆ ಅಂದುಕೊಳ್ಳಿ. ತಕ್ಕಡಿಗೆ ಅವನೂ ಅಕ್ಕನೂ ಒಂದೇ. ಅವನ ತೂಕದಲ್ಲಿ ಮಾಂಸಖಂಡ ಜಾಸ್ತಿ, ಅಕ್ಕನದರಲ್ಲಿ ಕೊಬ್ಬು ಜಾಸ್ತಿ. ಮಾಂಸಖಂಡ ಮೂಳೆಯನ್ನು ಹಿಡಿದು ಎಳೆಯುತ್ತದೆ, ಎಳೆದೆಳೆದು ಗಟ್ಟಿ ಮಾಡುತ್ತದೆ, ಕಾಲು ಜಾರಿದಾಗ ಮೈಯನ್ನು ತಡೆದು ನಿಲ್ಲಿಸುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಮಾತ್ರ ಮೂಳೆ ಕಟ್ಟುವ ಕೆಲಸಕ್ಕೆ ಅಡ್ಡಬರುವ ರಾಸಾಯನಿಕಗಳನ್ನು ಬಿಡುತ್ತದೆ. ಬಿಸಿಲಿನಿಂದ ಸಿಗುವ ಡಿ ವಿಟಮಿನ್ ಕೂಡ ಕೊಬ್ಬಿನಲ್ಲಿ ಹಂಚಿಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಇನ್ನೂ ಒಂದು ಸೋಜಿಗ: ಮೂಳೆ ಕಟ್ಟುವ ಕಣವೂ ಕೊಬ್ಬಿನ ಕಣವೂ ಮಜ್ಜೆಯಲ್ಲಿ ಒಂದೇ ತಾಯಿಕಣದ ಮಕ್ಕಳು!

ಹಾಗಂತ ಸಣ್ಣಗಿರುವವರು ಬೀಗಬೇಕಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಮೈಯನ್ನೇ ಅಳೆಸಿಕೊಂಡು 2004ರಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ 22.3. ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ 9.1, ನಮ್ಮ ಯಾಜ್ಞಿಕ್‌ರಲ್ಲಿ ಶೇ 21.2! ಅಳೆದದ್ದು ಡೆಕ್ಸಾ ಎಂಬ ಯಂತ್ರದಲ್ಲಿ. ಮೂಳೆ ಎಷ್ಟು ಗಟ್ಟಿ ಎಂದು ನೋಡುವುದೂ ಅದರಲ್ಲೇ.

"ಹಂಗಾದ್ರೆ ಇನ್ಮೇಲೆ ಉಪವಾಸಾನೇ ಮಾಡ್ತೀನಿ" ಎಂದಳು ಅಕ್ಕ. ಡಾಕ್ಟರು ಗದರಿದರು. ಹೊಟ್ಟೆ ಕಟ್ಟಿ ದಬದಬ ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಮೂಳೆಯ ಸತ್ವವೂ ಹೋಗುತ್ತದಂತೆ. ಕಾಳು, ಮಜ್ಜಿಗೆ, ರಾಗಿ ತಿನ್ನಲು ಹೇಳಿದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. ಬೆಣ್ಣೆದೋಸೆಯ ಮಾತು ಡಾಕ್ಟರು ಎತ್ತಲಿಲ್ಲ, ನಾವೂ ಕೇಳಲಿಲ್ಲ.

ಪಟ್ಟಿ ಬಿಚ್ಚಿ, ಡಾಕ್ಟರು ಒಪ್ಪಿದ ಮೇಲೆ ಅಕ್ಕ ಕುರ್ಚಿಯಿಂದ ಏಳುವ, ಕೂರುವ ವ್ಯಾಯಾಮ ಶುರುಮಾಡಿದ್ದಾಳೆ. ಕಳೆದ ಭಾನುವಾರ ಎಣಿಸಲು ನನ್ನ ಮೊಮ್ಮಗ ಎದುರಿಗೇ ಕೂತಿದ್ದ.

"ಏಳು... ಎಂಟು... ಈಗ ಕೈ ಊರಿದ್ರಿ. ಇದು ಲೆಕ್ಕಕ್ಕಿಲ್ಲ ದೊಡ್ಡಜ್ಜಿ!"