ಸುಟ್ಟುದು ಯಾವುದು?

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದಾಡಿದವರಿಗೆ ಮಗ್ಗದ ಸದ್ದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆ ಸದ್ದು ನಿಂತಾಗಲೇ ಅಲ್ಲಿಯ ಜನ ತಲೆಯೆತ್ತಿ ನೋಡುವುದು. ಕಳೆದ ವರ್ಷ ಪರಿಚಯದ ನೇಕಾರರೊಬ್ಬರ ಮನೆಗೆ ನಾನು ಹೋದಾಗ ಮಗ್ಗಗಳೇನೋ ನಡೆದಿದ್ದುವು. ಹಿರಿಯ ಮಗ ಮಾತ್ರ ಕೈಕಟ್ಟಿ ಕುಳಿತಿದ್ದ. ಸೆರಗಿಗೂ ಅಂಚಿಗೂ ಬೇಕಾದ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಜಕಾರ್ಡಿನ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿಕೊಡುವುದು ಅವನ ಕಸಬು. ಹಬ್ಬ ಹತ್ತಿರ ಬಂದಿತ್ತು. ನಾಲ್ಕು ಮನೆಯವರು ಹೊಸ ಚಿತ್ತಾರಕ್ಕಾಗಿ ಕಾದಿದ್ದರು. ಅವನ ಯಂತ್ರವೋ, ಗುಂಡಿ ಒತ್ತಿದರೆ ಒಳಗಿನ ಪಂಖ ಒಮ್ಮೆ ಅಲುಗಿ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೆರಳುಗುರಿನಷ್ಟು ಕಪ್ಪು ಕಲೆ, ಸುಟ್ಟ ವಾಸನೆ.

ಆ ಮನೆಯಲ್ಲಿ ಕಾರ್ಡು ಎಂಬ ಮಾತಿಗೆ ಎರಡು ಅರ್ಥ. ಎರಡಕ್ಕೂ ಬಳಗದ ನಂಟು ಉಂಟು. ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ 1804ರಲ್ಲಿ ತೂತಿನ ರಟ್ಟುಗಳಿಂದ ಮಗ್ಗದ ಎಳೆಗಳನ್ನು ಆಳುವ ಯಂತ್ರವನ್ನು ರೂಪಿಸಿದನು. 1830ರ ದಶಕದಲ್ಲಿ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣಿತಯಂತ್ರದ ಕಲ್ಪನೆಗೆ ಆ ರಟ್ಟನ್ನೇ ಎರವಲು ಪಡೆದನು. ಕಂಪ್ಯೂಟರಿಗೆ ನೇಕಾರನ ಋಣವುಂಟು ಎಂದರೆ ಅತಿಶಯೋಕ್ತಿಯಲ್ಲ.

ದೊಡ್ಡ ಊರಿನ ಅಂಗಡಿಯೊಂದರಲ್ಲಿ ಕಾರ್ಡನ್ನು ದೂರದಿಂದಲೇ ನೋಡಿ, ಎಸೆದು ಹೊಸದು ಕೊಳ್ಳಿರೆಂದು ಹೇಳಿದ್ದರಂತೆ. ಹೊಸದರ ಬೆಲೆ ಆ ಮನೆಯ ಹಲವು ವಾರಗಳ ದುಡಿಮೆ. ತಂದೆ, ಮಗ, ನಾನು ಮೂವರೂ ಜಮಖಂಡಿಗೆ ಹೊರಟೆವು. ಅಲ್ಲಿ ಮೊಬೈಲು, ಟಿ.ವಿ. ರಿಪೇರಿ ಮಾಡುವ ತರುಣನೊಬ್ಬನಿದ್ದ.

ಕಪ್ಪು ಕಲೆಯ ನಡುವೆ ಮಾಸ್‌ಫೆಟ್ ಎಂಬ ಚೌಕನೆಯ ಬಿಡಿಭಾಗವೊಂದು ಮುಖವೆಲ್ಲ ಮಸಿಯಾಗಿ ಕುಳಿತಿತ್ತು. ಹೊರಗಿನಿಂದ ಬರುವ 12 ವೋಲ್ಟನ್ನು ಇಳಿಸಿ ಸುಮಾರು 1 ವೋಲ್ಟಿನಂತೆ ಚಿಪ್ಪಿಗೆ ಉಣಿಸುವವು ಇವೇ. "ಸುಟ್ಟದ್ದು ಇದನ ಅಲ್ಲೇನ್ರೀ?" ಎಂದೆ. ಆತ ನಕ್ಕ. "ಮಸಿ ಬಡದದ್ದೆಲ್ಲಾ ಸುಟ್ಟಿರೂದಿಲ್ರೀ ಸರ. ಒಲಿ ಮಗ್ಗಲದಾಗಿನ ಗ್ವಾಡೀನೂ ಕರ್ರಗ ಆಗಿರತೈತಿ."

ಮೊದಲು ಮೀಟರು ಹಚ್ಚಿದ. 12 ವೋಲ್ಟಿನ ದಾರಿಗೂ ನೆಲದ ದಾರಿಗೂ ನಡುವೆ ತಡೆ ಹೆಚ್ಚುಕಡಿಮೆ ಸೊನ್ನೆ. ಯಂತ್ರ ಕ್ಷಣದಲ್ಲೇ ನಿಂತುಬಿಡುತ್ತಿದ್ದುದು ಇದಕ್ಕಾಗಿಯೇ: ಪವರ್ ಸಪ್ಲೈ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಬಳಿಕ ಕಲೆಯ ಸುತ್ತ ಸ್ಪಿರಿಟ್ ಸವರಿ, 12ರ ಬದಲು 1 ವೋಲ್ಟನ್ನಷ್ಟೇ, ಕರೆಂಟಿಗೆ ಮಿತಿಯಿಟ್ಟು ಒಳಬಿಟ್ಟ. ನಾವು ಬಗ್ಗಿ ನೋಡುತ್ತಿದ್ದಂತೆ ಒಂದೇ ಒಂದು ಚುಕ್ಕೆಯ ಮೇಲಿನ ತೇವ ಎಲ್ಲಕ್ಕಿಂತ ಮೊದಲು ಆರಿತು. ಅದು ಮಾಸ್‌ಫೆಟ್ ಅಲ್ಲ. ಅದರ ಪಕ್ಕದ, ಎಳ್ಳುಕಾಳಿನಷ್ಟರ ಸಿರಾಮಿಕ್ ಕೆಪಾಸಿಟರ್! ಬಿಸಿಗಾಳಿ ಕೊಟ್ಟು ಅದನ್ನು ಎತ್ತಿದ ಮೇಲೆ ಮೀಟರಿನ ಅಂಕಿ ಏರಿತು. ಮಸಿ ಒರೆಸಿ ಅಳೆದರೆ ಮಾಸ್‌ಫೆಟ್ ಗಟ್ಟಿಯಾಗಿತ್ತು. ಕಣ್ಣಿನ ಮಾತು ನಂಬಿದ್ದರೆ ಒಳ್ಳೆಯದನ್ನು ಕಿತ್ತು ಕೆಟ್ಟದ್ದನ್ನು ಉಳಿಸುತ್ತಿದ್ದೆವು.

ಇನ್ನು ಬದಲಿ ಯಾವುದು? ಮಾಸ್‌ಫೆಟ್ಟಿನ ಬೆನ್ನಿನ ಮೇಲೆ ಸಂಖ್ಯೆಯಾದರೂ ಇರುತ್ತದೆ. ಈ ಜಾತಿಯ ಕೆಪಾಸಿಟರಿಗೆ ಹೆಸರಿಲ್ಲ, ಗುರುತಿಲ್ಲ. ಇದ್ದ ಮೈಯೂ ಇದ್ದಿಲಾಗಿತ್ತು. ಆದರೆ ಚಿಪ್ಪಿಗೆ ವಿದ್ಯುತ್ ಉಣಿಸುವ ಮಂಡಲ ಒಂದೇ ಅಲ್ಲ. ಒಂದೇ ಮಾದರಿಯ ಹಲವು ಮಂಡಲಗಳು ಸಾಲಾಗಿರುತ್ತವೆ. ಪಕ್ಕದ ಮಂಡಲದಲ್ಲಿ ಅದೇ ಸ್ಥಾನದಲ್ಲಿದ್ದುದನ್ನು ಎತ್ತಿ, ಹೊರಗಿಟ್ಟು ಅಳೆದ. ಸುಮಾರು 10 ಮೈಕ್ರೋಫ್ಯಾರಡ್ ಬಂತು. ಅಲ್ಲಿಯವರೆಗೆ ಸುಮ್ಮನಿದ್ದ ತಂದೆ ಆಗ ಬಾಯಿಬಿಟ್ಟರು: "ನಮ್ಮದೂ ಹಿಂಗ ಅಲ್ಲೇನ್ ತಮ್ಮಾ. ಹರದ ಎಳಿ ಹಣಗಿಯ ಯಾವ ಹಲ್ಲಿಗೆ ಹೋಗಬೇಕಂತ ಮಗ್ಗಲ ಎಳೀನ ಹೇಳತೈತಿ."

ಆದರೂ ನೆರೆಯದು ಎಲ್ಲವನ್ನೂ ಹೇಳದು. ಎಷ್ಟು ವೋಲ್ಟನ್ನು ತಾಳಿಕೊಳ್ಳಬಲ್ಲದೆಂಬುದು ಈ ಮೀಟರಿಗೆ ಸಿಕ್ಕುವುದಿಲ್ಲ. 12 ವೋಲ್ಟಿನ ಕಡೆ 16ರದಾದರೂ ಬೇಕು, 25ರದು ನಿಶ್ಚಿಂತೆ. ಇಂಥ ಕೆಪಾಸಿಟರು ವೋಲ್ಟೇಜು ಏರಿದಂತೆ ತನ್ನ ಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆಯಾದ್ದರಿಂದ ಕೈಗೆ ಸಿಕ್ಕಿದ್ದನ್ನು ಅಂಟಿಸುವಂತಿಲ್ಲ. ಅದೃಷ್ಟಕ್ಕೆ ಮುಧೋಳದ ಪರಿಚಿತರೊಬ್ಬರಲ್ಲಿ ಅದೇ ಮಾದರಿಯ, ಚಿಪ್ಪು ಸತ್ತ ಕಾರ್ಡೊಂದು ಮೂಲೆಗೆ ಬಿದ್ದಿತ್ತು. ಮರುದಿನ ಅದು ಬಂತು. ಅದೇ ಸ್ಥಾನದ ಕೆಪಾಸಿಟರನ್ನು ಅದರಿಂದಲೇ ತೆಗೆದದ್ದಾಯಿತು.

ಕೂಡಿಸುವುದಕ್ಕೆ ಮುನ್ನ ಆತ ಅರ್ಧ ಗಂಟೆ ಮಾಡಿದ ಕೆಲಸ ನನ್ನ ಮನಸ್ಸಿನಲ್ಲಿ ನಿಂತಿದೆ. ಹಲಗೆಯ ಸುಟ್ಟ ಜಾಗವನ್ನು ಸೂಕ್ಷ್ಮವಾದ ಅಲಗಿನಿಂದ ಕೆರೆಯುತ್ತ ಹೋದ. ಇದ್ದಿಲೂ ವಿದ್ಯುತ್ತನ್ನು ಹಾಯಿಸುತ್ತದೆ. ಪದರಗಳ ನಡುವೆ ಅದು ಉಳಿದರೆ ಹೊಸ ತುಂಡಿಟ್ಟರೂ ಮತ್ತೆ ಸುಡುತ್ತದೆ. ಕಪ್ಪೆಲ್ಲ ಹೋಗಿ ಹಲಗೆಯ ಮೂಲಬಣ್ಣ ಕಂಡ ಮೇಲೆಯೇ ಫ್ಲಕ್ಸ್ ಹಚ್ಚಿ, ಹಲಗೆಯನ್ನು ಅಡಿಯಿಂದ ಮೆಲ್ಲಗೆ ಕಾಯಿಸಿ, ಬೆಸುಗೆ ಹಾಕಿದ. ಒಮ್ಮೆಗೇ ಬಿಸಿ ತಾಗಿದರೆ ಸಿರಾಮಿಕ್ ಬಿರಿಯುವುದಂತೆ.

ಚಿತ್ರ ಬಂತು. ಹುಡುಗ ಅರ್ಧಕ್ಕೆ ನಿಂತಿದ್ದ ಸೆರಗನ್ನೇ ಮೊದಲು ತೆರೆದ. ಆತನಿಗೆ ಮಾತ್ರ ಸಮಾಧಾನವಿಲ್ಲ. "ಇದು ಯಾಕ ಬಿರೀತು?" ಎಂದು ಯಂತ್ರವನ್ನು ಎಲ್ಲಿ ಇಟ್ಟಿದ್ದೀರೆಂದು ಕೇಳಿದ. ಮಗ್ಗದ ಪಕ್ಕದ ಮೇಜಿನ ಮೇಲೆ ಎಂದು ತಿಳಿದಾಗ ಅವನ ಮುಖ ಅರಳಿತು. ಭಾರವಾದ ಕಾರ್ಡು ಒಂದು ತುದಿ ಜೋತು, ದಿನವಿಡೀ ಅದುರುತ್ತಿದ್ದರೆ ಹಲಗೆ ಬಾಗುತ್ತದೆ. ಹಲಗೆ ಬಾಗಿದರೂ ಸಿರಾಮಿಕ್ ಬಾಗದು, ಸೀಳುತ್ತದೆ. ಇದು ಅವನ ಊಹೆ; ನನಗೂ ಸರಿಯೆನಿಸಿತು.

ಮೇಜು ಈಗ ಒಳಕೋಣೆಗೆ ಹೋಗಿದೆ. ಕಾರ್ಡಿನ ಜೋತ ತುದಿಯ ಕೆಳಗೆ ತಂದೆ ತಮ್ಮ ಲಾಳಿಯ ಹಳೆಯ ಮರದ ಕಂಡಿಕೆಯೊಂದನ್ನು ಅಳತೆಗೆ ಕೊಯ್ದು ಊರೆಗೋಲಾಗಿ ನಿಲ್ಲಿಸಿದ್ದಾರೆ.